ಅಂಕಿ ಅಳಿಸಿ ಬರೆದ ‘ಸಮಂಜಸ’

1992ರ ಜೂನ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯವು ರೆಸಿಡೆಂಟ್ ವೈದ್ಯರ ಬಗ್ಗೆ ಒಂದು ನಿರ್ದೇಶನ ಹೊರಡಿಸಿತ್ತು. ಎಡೆಬಿಡದ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ದಾಟಬಾರದು, ವಾರಕ್ಕೆ 48 ಗಂಟೆ, ಸರದಿಯ ಮೇಲೆ ವಾರಕ್ಕೊಂದು ರಜೆ. ಗಡಿಯಾರ ನೋಡಿ ಯಾರು ಬೇಕಾದರೂ ಲೆಕ್ಕ ಹಾಕಬಹುದಾದ ಮಾತು ಅದು. ಮೂವತ್ತೊಂದು ವರ್ಷಗಳ ನಂತರ, 2023ರ ಡಿಸೆಂಬರ್ ಕೊನೆಗೆ, ರಾಷ್ಟ್ರೀಯ ವೈದ್ಯಕೀಯ ಆಯೋಗವು ಸ್ನಾತಕೋತ್ತರ ವೈದ್ಯ ಶಿಕ್ಷಣಕ್ಕೆ ಹೊಸ ನಿಯಮಾವಳಿ ತಂದಿತು. ಪಿಜಿ ವಿದ್ಯಾರ್ಥಿಗಳು ಪೂರ್ಣಾವಧಿ ರೆಸಿಡೆಂಟರಾಗಿ ‘ಸಮಂಜಸ’ ಅವಧಿ ಕೆಲಸ ಮಾಡಬೇಕು, ಅವರಿಗೆ ‘ಸಮಂಜಸ’ ವಿಶ್ರಾಂತಿ ಸಿಗಬೇಕು ಎಂದು ಅದರಲ್ಲಿದೆ. 12 ಇಲ್ಲ, 48 ಇಲ್ಲ. ಅಂಕಿ ಇರಬೇಕಾದ ಕಡೆ ಒಂದು ಗುಣವಾಚಕ ಬಂದು ಕೂತಿದೆ.

ಎಷ್ಟು ಗಂಟೆಯಾದರೆ ಸಮಂಜಸ? ಅದನ್ನು ತೀರ್ಮಾನಿಸುವವರು ವಿಭಾಗದ ಮುಖ್ಯಸ್ಥರು. ಅವರೇ ಥೀಸಿಸ್‌ನ ಮಾರ್ಗದರ್ಶಕರು, ಲಾಗ್‌ಬುಕ್‌ಗೆ ಸಹಿ ಹಾಕುವವರು, ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಎದುರು ಕೂರುವವರು. ಅಂಥವರ ಮುಂದೆ ನಿಂತು ‘ಸರ್, ಇದು ಸಮಂಜಸವಲ್ಲ’ ಎನ್ನಬಲ್ಲ ಮೊದಲ ವರ್ಷದ ಪಿಜಿ ಯಾರಿದ್ದಾರೆ? ಇದು ಆಯೋಗಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಇದೇ ವಾರ್ಡುಗಳಲ್ಲಿ ಪಿಜಿ ಮುಗಿಸಿ ಬಂದವರು. ಆದ್ದರಿಂದ ನಾವು ಇದನ್ನು ಕರಡು ಬರೆದವರ ಕೈತಪ್ಪು ಎಂದು ಕರೆಯಲಾರೆವು. ಇದು ತಿಳಿದೂ ತಿಳಿದೂ ಮಾಡಿದ ಕರ್ತವ್ಯಲೋಪ.

ಹೊರಗಿನವರಿಗೆ ಈ ದಿನಚರಿಯ ಅಂದಾಜು ಇರುವುದಿಲ್ಲ. ಮೆಡಿಸಿನ್, ಸರ್ಜರಿ, ಪ್ರಸೂತಿ, ಮೂಳೆ ಯಾವ ವಿಭಾಗವೇ ಆಗಲಿ, ಯೂನಿಟ್‌ನ ಅಡ್ಮಿಷನ್ ದಿನ ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಬಂದ ಮೊದಲ ವರ್ಷದ ಪಿಜಿ ರಕ್ತದ ಸ್ಯಾಂಪಲ್ ತೆಗೆದು, ಕೇಸ್ ಶೀಟ್ ತುಂಬಿಸಿ, ರೌಂಡ್ಸ್ ಮುಗಿಸಿ ಒಪಿಡಿಗೆ ಓಡುತ್ತಾರೆ. ಮಧ್ಯಾಹ್ನದಿಂದ ಕ್ಯಾಶುವಾಲ್ಟಿ. ರಾತ್ರಿಯಿಡೀ ಅದೇ. ಮರುದಿನ ಬೆಳಿಗ್ಗೆ ಮತ್ತೆ ರೌಂಡ್ಸ್ ಶುರು, ಏಕೆಂದರೆ ರಾತ್ರಿ ಸೇರಿಸಿಕೊಂಡ ರೋಗಿಗಳ ಬಗ್ಗೆ ಚೀಫ್‌ಗೆ ಹೇಳಬೇಕಾದವರು ಅವರೇ. ಆಮೇಲೆ ಆಪರೇಷನ್ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ, ಸಂಜೆಯ ರೌಂಡ್ಸ್. ಹಾಸ್ಟೆಲ್‌ಗೆ ಹೋಗುವ ಹೊತ್ತಿಗೆ 36 ಗಂಟೆ ಕಳೆದಿರುತ್ತದೆ. ಇದು ಅಪರೂಪಕ್ಕೊಮ್ಮೆ ಬರುವ ಅಗ್ನಿಪರೀಕ್ಷೆಯಲ್ಲ, ವಾರಕ್ಕೆ ಒಂದು, ಕೆಲವು ಕಡೆ ಎರಡು ಸಲ ಬರುವ ಪಾಳಿ. ಒಂದು ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ: ಇಷ್ಟರ ನಡುವೆ ಓದುವುದು ಯಾವಾಗ? ಇವರು ಬಂದಿರುವುದು ಓದಲಿಕ್ಕೆ.

ಕೆಲವು ವರ್ಷಗಳ ಹಿಂದೆ ಈ ಸಾಲುಗಳನ್ನು ಬರೆಯುತ್ತಿರುವವರ ತಾಯಿ ಒಂದು ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿದ್ದರು. ರಾತ್ರಿ ಎರಡಕ್ಕೆ ಡ್ರಿಪ್ ಸರಿಪಡಿಸಿದ ಹುಡುಗಿಯೇ ಮರುದಿನ ಮಧ್ಯಾಹ್ನ ಮೂರಕ್ಕೆ ಬಿಪಿ ನೋಡಲು ಬಂದಳು. ಬರೆದ ಅಂಕಿಯನ್ನು ತಿದ್ದಿದಳು, ಮತ್ತೊಮ್ಮೆ ತಿದ್ದಿದಳು, ಕೊನೆಗೆ ಪಟ್ಟಿಯನ್ನು ತೋಳಿಗೆ ಮತ್ತೆ ಸುತ್ತಿದಳು. ‘ಮಗಾ, ಈ ಡಾಕ್ಟ್ರಮ್ಮ ನಿನ್ನೆಯಿಂದ ಇಲ್ಲೇ ಅವಳಲ್ಲ, ಊಟ ಆಯ್ತಾ ಅಂತ ಕೇಳು’ ಎಂದರು ತಾಯಿ. ರೋಗಿಯ ಹಾಸಿಗೆಯಿಂದ ಕಾಣುವುದು ನಿಯಂತ್ರಕರ ಕುರ್ಚಿಯಿಂದ ಕಾಣುವುದಿಲ್ಲವೇ?

ನಿದ್ದೆಗೆಟ್ಟ ಮೆದುಳಿಗೆ ಏನಾಗುತ್ತದೆ ಎಂಬುದು ಊಹೆಯ ವಿಷಯವಾಗಿ ಉಳಿದಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಅದು ಸುಮಾರು ಶೇ 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಮಿತಿ ಶೇ 0.03. ಅಂದರೆ ಕುಡಿದು ಸ್ಕೂಟರ್ ಓಡಿಸಿದವರನ್ನು ಹಿಡಿದು ದಂಡ ಹಾಕುವ ಈ ದೇಶವು, ಆ ಮಿತಿಯ ಮೂರು ಪಟ್ಟು ಮಂಕಾದ ಸ್ಥಿತಿಯಲ್ಲಿರುವ ವೈದ್ಯರ ಕೈಗೆ ಇನ್ಸುಲಿನ್ ಸಿರಿಂಜು, ಪೊಟ್ಯಾಸಿಯಂ ಬಾಟಲಿ, ಹೆರಿಗೆ ಮೇಜು ಕೊಡುತ್ತಿದೆ. 2004ರಲ್ಲಿ ಅಮೆರಿಕದ ಹಾರ್ವರ್ಡ್ ತಂಡವೊಂದು ತೀವ್ರ ನಿಗಾ ಘಟಕದಲ್ಲಿ ಹೋಲಿಸಿ ನೋಡಿತು: 24 ಗಂಟೆ ಮೀರುವ ಹಳೆಯ ಪಾಳಿಯಲ್ಲಿದ್ದ ಇಂಟರ್ನ್‌ಗಳು, ಕಡಿತಗೊಳಿಸಿದ ಪಾಳಿಯಲ್ಲಿದ್ದವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ದೀರ್ಘ ಪಾಳಿ ಮುಗಿಸಿ ಮನೆಗೆ ಹೊರಟವರು ವಾಹನ ಅಪಘಾತಕ್ಕೆ ಸಿಲುಕುವ ಸಂಭವ ಎರಡು ಪಟ್ಟಿಗೂ ಹೆಚ್ಚು ಎಂದು ಮರುವರ್ಷದ ಮತ್ತೊಂದು ಅಧ್ಯಯನ ಹೇಳಿತು. ಬಸ್ ಚಾಲಕನಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಕಾರ್ಖಾನೆಯ ಕೆಲಸಗಾರನಿಗೆ 1948ರ ಕಾಯ್ದೆಯೂ ವಾರಕ್ಕೆ ಅಷ್ಟನ್ನೇ ಬರೆದಿತ್ತು. ಕಾನೂನು ಅವರಿಗೆ ಅಂಕಿ ಕೊಟ್ಟಿದೆ. ರೋಗಿಯ ಉಸಿರು ಕಾಯುವವರಿಗೆ ಕೊಟ್ಟಿರುವುದು ಒಂದು ಪದ ಮಾತ್ರ.

‘ನಾವೂ ಹೀಗೇ ಕಲಿತು ಬಂದೆವು’ ಎಂಬುದು ಹಿರಿಯರ ಮೊದಲ ಉತ್ತರ. ಈ ಮಾತಿನ ಬೇರು ಎಲ್ಲಿದೆ ನೋಡಿ. ರೆಸಿಡೆಂಟ್ ಎಂದರೆ ಆಸ್ಪತ್ರೆಯಲ್ಲೇ ವಾಸವಿರುವವನು. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್ಸ್ಟೆಡ್ ಕಟ್ಟಿದ ತರಬೇತಿ ಪದ್ಧತಿ ಇದು. ಶಿಷ್ಯರು ಹಗಲೂ ಇರುಳೂ ಅಲ್ಲೇ ಇರಬೇಕಿತ್ತು. ಆಧುನಿಕ ಶಸ್ತ್ರಚಿಕಿತ್ಸೆಗೆ ಹಾಲ್ಸ್ಟೆಡ್ ಕೊಟ್ಟ ಕೊಡುಗೆ ದೊಡ್ಡದು. ಆದರೆ ಅವರು ಮೊದಲು ಕೊಕೇನ್‌ಗೆ, ನಂತರ ಮಾರ್ಫಿನ್‌ಗೆ ದಾಸರಾಗಿದ್ದವರೆಂಬುದೂ ವೈದ್ಯಕೀಯ ಚರಿತ್ರೆ ಒಪ್ಪಿದ ಸಂಗತಿ. ಅಂಥ ದೇಹಸ್ಥಿತಿಯ ಮನುಷ್ಯರೊಬ್ಬರು ನೂರಮೂವತ್ತು ವರ್ಷಗಳ ಹಿಂದೆ ಹಾಕಿದ ಅಳತೆಗೆ ಇಂದಿನ ಕಲಬುರಗಿಯ, ಶಿವಮೊಗ್ಗದ ಮಕ್ಕಳನ್ನು ಎಳೆದು ಕೂರಿಸುವುದಕ್ಕೆ ಪರಂಪರೆಯ ಹೆಸರು ಸಲ್ಲದು. ಆಗ ಆ ವಾರ್ಡುಗಳಲ್ಲಿ ವೆಂಟಿಲೇಟರ್ ಇರಲಿಲ್ಲ, ಡಯಾಲಿಸಿಸ್ ಇರಲಿಲ್ಲ, ಒಬ್ಬ ರೋಗಿಗೆ ಹದಿನೈದು ಔಷಧಗಳ ಪಟ್ಟಿ ಇರಲಿಲ್ಲ.

ಆ ಪದ್ಧತಿ ಹುಟ್ಟಿದ ದೇಶವೇ ಅದನ್ನು ತಿದ್ದಿಕೊಂಡಿತು, ಅದೂ ಒಂದು ಸಾವಿನ ನಂತರ. 1984ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಎಂಬ 18ರ ಹುಡುಗಿ ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಅವಳನ್ನು ನೋಡಿಕೊಳ್ಳುತ್ತಿದ್ದವರು ದೀರ್ಘ ಪಾಳಿಯಲ್ಲಿದ್ದ, ಮೇಲ್ವಿಚಾರಣೆ ಸಾಲದ ತರಬೇತಿ ವೈದ್ಯರು. ವಕೀಲರೂ ಪತ್ರಕರ್ತರೂ ಆಗಿದ್ದ ತಂದೆ ಬಿಡಲಿಲ್ಲ. ಡಾ. ಬರ್ಟ್ರಂಡ್ ಬೆಲ್ ನೇತೃತ್ವದ ಆಯೋಗ ಕೂತಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು, 2003ರಲ್ಲಿ ಅದು ಅಮೆರಿಕದ ಎಲ್ಲ ರೆಸಿಡೆನ್ಸಿಗಳಿಗೂ ಬಂತು. ಐರೋಪ್ಯ ಒಕ್ಕೂಟದ ನಿಯಮದಂತೆ ಬ್ರಿಟನ್‌ನಲ್ಲಿ 2009ರಿಂದ ಕಿರಿಯ ವೈದ್ಯರಿಗೆ ಸರಾಸರಿ 48 ಗಂಟೆ. ಭಾರತ ಆ 48ನ್ನು 1992ರಲ್ಲೇ ಕಾಗದದ ಮೇಲೆ ಬರೆದಿತ್ತು. ಮೊದಲೇ ಬರೆದೂ ಕೊನೆಗೂ ಜಾರಿಮಾಡದ ದೇಶ ನಮ್ಮದು.

ಪಾಳಿ ಕಡಿತದ ವಿರುದ್ಧ ಪ್ರಾಮಾಣಿಕವಾದ ಒಂದು ವಾದವಿದೆ, ಅದನ್ನು ಪಕ್ಕಕ್ಕೆ ತಳ್ಳುವುದು ನ್ಯಾಯವಲ್ಲ. ಪಾಳಿ ಬದಲಾದಷ್ಟೂ ರೋಗಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸಬೇಕಾಗುತ್ತದೆ, ಹಾಗೆ ಒಪ್ಪಿಸುವಾಗ ಮಾಹಿತಿ ಸೋರುತ್ತದೆ. ಶಸ್ತ್ರಚಿಕಿತ್ಸೆ ಕಲಿಯುವವರು ಆಪರೇಷನ್ ಮಧ್ಯೆ ಕೈಗವಸು ಕಳಚಿ ಹೋಗಲಾಗದು. ಅಮೆರಿಕದ 117 ಸರ್ಜರಿ ತರಬೇತಿ ಕಾರ್ಯಕ್ರಮಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಒಂದೊಂದು ಪಾಳಿಯ ಉದ್ದವನ್ನು ಸಡಿಲಿಸಿದರೂ ರೋಗಿಗಳ ಸಾವು-ತೊಡಕುಗಳು ಹೆಚ್ಚಲಿಲ್ಲ ಎಂದು ತೋರಿಸಿತು. ನಮ್ಮ ಪ್ರಾಧ್ಯಾಪಕರು ಇದನ್ನು ಆಗಾಗ ಉದಾಹರಿಸುತ್ತಾರೆ. ಆದರೆ ಆ ಪ್ರಯೋಗದಲ್ಲಿ ಎರಡೂ ಗುಂಪುಗಳಿಗೆ ವಾರಕ್ಕೆ 80 ಗಂಟೆಯ ಮಿತಿ ಹಾಗೇ ಇತ್ತು ಎಂಬುದನ್ನು ಜೊತೆಗೇ ಹೇಳಬೇಕು. ಅಂಕುಶವೇ ಇಲ್ಲದ ನಮ್ಮ ವಾರ್ಡಿಗೆ ಅದು ಸಮರ್ಥನೆ ಆಗುವುದಿಲ್ಲ. ಒಪ್ಪಿಸುವಾಗ ಮಾಹಿತಿ ಸೋರುವುದೂ ನಿಜ, ಅದಕ್ಕೆ ಪರಿಹಾರ ಒಪ್ಪಿಸುವುದನ್ನು ಚೆನ್ನಾಗಿ ಕಲಿಸುವುದು. ನರ್ಸ್‌ಗಳು ದಿನಕ್ಕೆ ಮೂರು ಸಲ ಪಾಳಿ ಬದಲಿಸಿ, ಹಾಸಿಗೆಯಿಂದ ಹಾಸಿಗೆಗೆ ನಡೆದು, ಪುಸ್ತಕದಲ್ಲಿ ಬರೆದು ಒಪ್ಪಿಸುತ್ತಾರೆ. ಅವರು ಮಾಡುವುದನ್ನು ವೈದ್ಯರು ಮಾಡಲಾಗದೇ?

ಇಷ್ಟಕ್ಕೂ ಆ 36 ಗಂಟೆಗಳಲ್ಲಿ ಕಲಿಕೆ ಎಷ್ಟು ಎಂದು ಯಾರಾದರೂ ಬಿಡಿಸಿ ನೋಡಬೇಕು. ರಕ್ತದ ಬಾಟಲಿ ಹಿಡಿದು ಲ್ಯಾಬ್‌ಗೆ ಹೋಗುವುದು, ವರದಿಗಾಗಿ ಕಿಟಕಿಯಲ್ಲಿ ನಿಲ್ಲುವುದು, ಬ್ಲಡ್ ಬ್ಯಾಂಕಿಗೆ ಅಲೆಯುವುದು, ಸ್ಕ್ಯಾನ್‌ಗೆ ದಿನ ಕೊಡಿ ಎಂದು ಇನ್ನೊಂದು ವಿಭಾಗದಲ್ಲಿ ಬೇಡುವುದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಅನುಮೋದನೆಗೆ ಕಾಗದ ಜೋಡಿಸಿ ಅಪ್‌ಲೋಡ್ ಮಾಡುವುದು, ಒಂದೇ ಡಿಸ್ಚಾರ್ಜ್ ಸಮ್ಮರಿಯನ್ನು ಕೈಯಲ್ಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ ಬರೆಯುವುದು, ಟ್ರಾಲಿ ತಳ್ಳಲು ಆಳು ಸಿಗದಿದ್ದಾಗ ತಾವೇ ತಳ್ಳುವುದು. ಇವುಗಳಲ್ಲಿ ಯಾವುದೂ ಕೀಳು ಕೆಲಸವಲ್ಲ. ಆದರೆ ಇವು ವಾರ್ಡ್ ಗುಮಾಸ್ತರ, ಲ್ಯಾಬ್ ಸಹಾಯಕರ, ಗ್ರೂಪ್ ಡಿ ನೌಕರರ ಕೆಲಸ. ಅವರ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟು ಅಥವಾ ಸೃಷ್ಟಿಸದೆಯೇ ಉಳಿಸಿ, ಆ ಹೊರೆಯನ್ನು ಎಂಡಿ-ಎಂಎಸ್ ವಿದ್ಯಾರ್ಥಿಯ ಹೆಗಲಿಗೆ ದಾಟಿಸಿದ್ದೇವೆ. ವಿದ್ಯಾರ್ಥಿಗೆ ಓವರ್‌ಟೈಮ್ ಇಲ್ಲ, ಪಿಂಚಣಿ ಇಲ್ಲ, ವರ್ಗಾವಣೆಯ ಗೊಡವೆ ಇಲ್ಲ, ಬಿಟ್ಟು ಹೋಗೋಣವೆಂದರೆ ಸೀಟು ಬಿಟ್ಟಿದ್ದಕ್ಕೆ ಲಕ್ಷಗಟ್ಟಲೆ ದಂಡ. ಇದಕ್ಕಿಂತ ಅಗ್ಗದ, ಇದಕ್ಕಿಂತ ವಿಧೇಯ ಸಿಬ್ಬಂದಿ ಯಾವ ಆಸ್ಪತ್ರೆಗೆ ಸಿಕ್ಕೀತು? ದೀರ್ಘ ಪಾಳಿ ಕಲಿಕೆಗೆ ಅನಿವಾರ್ಯವೆಂಬ ಮಾತಿನ ಹಿಂದಿರುವ ನಿಜವಾದ ಅನಿವಾರ್ಯತೆ ಇದೇ. ಮೂರು ದಿನ ಪಿಜಿಗಳು ಕೆಲಸ ನಿಲ್ಲಿಸಿದರೆ ಬೋಧನಾ ಆಸ್ಪತ್ರೆಗಳ ಒಪಿಡಿಗಳೇ ನಿಲ್ಲುತ್ತವೆ. 2024ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ರೆಸಿಡೆಂಟರು ಶಿಷ್ಯವೇತನ ಹೆಚ್ಚಿಸಿ ಎಂದು ಮುಷ್ಕರಕ್ಕೆ ಇಳಿದಾಗ ಅದನ್ನು ನೋಡಿದೆವು. ವಿದ್ಯಾರ್ಥಿಗಳಿಲ್ಲದಿದ್ದರೆ ಒಂದು ದಿನವೂ ನಡೆಯದ ಆಸ್ಪತ್ರೆ ಸಿಬ್ಬಂದಿಯ ಲೆಕ್ಕದಲ್ಲಿ ದಿವಾಳಿ ಎದ್ದಿದೆ ಎಂದೇ ಅರ್ಥ.

ಅದೇ ತಿಂಗಳ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯ ಅತ್ಯಾಚಾರ, ಕೊಲೆ. ಉದ್ದದ ಪಾಳಿಯ ನಡುವೆ ಆಕೆ ಒರಗಿದ್ದು ಸೆಮಿನಾರ್ ಹಾಲ್‌ನಲ್ಲಿ. ದೇಶ ಬೀದಿಗಿಳಿಯಿತು, ಸುಪ್ರೀಂ ಕೋರ್ಟ್ ಕಾರ್ಯಪಡೆ ರಚಿಸಿತು, ರೆಸಿಡೆಂಟರ 36 ಗಂಟೆಯ ಪಾಳಿ ಅಮಾನವೀಯ ಎಂಬ ಮಾತು ನ್ಯಾಯಾಲಯದಲ್ಲೇ ಕೇಳಿಬಂತು. ಸಿಸಿಟಿವಿ ಹಾಕಿದರು, ಕಾವಲುಗಾರರನ್ನು ಹೆಚ್ಚಿಸಿದರು. ಆಕೆ ಅಷ್ಟು ಹೊತ್ತು ಅಲ್ಲೇಕೆ ಇರಬೇಕಾಯಿತು, ಮಲಗಲು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಏಕಿರಲಿಲ್ಲ ಎಂಬ ಪ್ರಶ್ನೆಗಳು ಬಹುಪಾಲು ಕಾಲೇಜುಗಳಲ್ಲಿ ಇನ್ನೂ ಹಾಗೇ ನಿಂತಿವೆ.

ಅದೇ ವರ್ಷ ವೈದ್ಯಕೀಯ ಆಯೋಗವೇ ನೇಮಿಸಿದ್ದ ಮತ್ತೊಂದು ಕಾರ್ಯಪಡೆ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನಮ್ಮ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾಮಠ. ಸಮೀಕ್ಷೆಗೆ ಉತ್ತರಿಸಿದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 31 ಮಂದಿ ತಮಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದಿದ್ದಾರೆ. ಒಂದು ಯೂನಿಟ್‌ನಲ್ಲಿ ಆರು ಪಿಜಿಗಳಿದ್ದರೆ ಅವರಲ್ಲಿ ಇಬ್ಬರು. ಚೀಫ್‌ಗಳು ನಾಳೆ ರೌಂಡ್ಸ್‌ನಲ್ಲಿ ತಮ್ಮ ಹಿಂದೆ ನಿಂತ ಮುಖಗಳನ್ನು ಒಮ್ಮೆ ತಿರುಗಿ ನೋಡಲಿ. ಕಾರ್ಯಪಡೆ ಅಂಕಿಯನ್ನೂ ಕೊಟ್ಟಿದೆ: ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ, ದಿನಕ್ಕೆ ಏಳೆಂಟು ಗಂಟೆ ನಿದ್ದೆ. 48ರಿಂದ 74ಕ್ಕೆ ಏರಿದ್ದು ನಮಗೆ ಸಮಾಧಾನದ ವಿಷಯವಲ್ಲ. ಆದರೂ 74 ಒಂದು ಅಂಕಿ, ಅಳೆಯಬಹುದಾದದ್ದು. ತಾನೇ ಕೇಳಿ ತರಿಸಿಕೊಂಡ ಆ ಅಂಕಿಯನ್ನೂ ಆಯೋಗ ಕಾಲೇಜುಗಳನ್ನು ಕಟ್ಟಿಹಾಕುವ ನಿಯಮವಾಗಿ ಮಾಡಲಿಲ್ಲ. ತಜ್ಞರನ್ನು ಕರೆದು ಕೂರಿಸಿ ಅವರ ಮಾತನ್ನು ಕಪಾಟಿನಲ್ಲಿ ಇಡುವುದು ಅವರಿಗೂ ಅವಮಾನ, ಉತ್ತರಿಸಿದ ಸಾವಿರಾರು ಮಕ್ಕಳಿಗೂ ದ್ರೋಹ.

ದುಡಿಮೆ ಹೀಗಾದರೆ ದುಡ್ಡಿನ ಕಥೆ ಇನ್ನೊಂದು. ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಸಿಗುವಷ್ಟೇ ಶಿಷ್ಯವೇತನವನ್ನು ಖಾಸಗಿ ಕಾಲೇಜೂ ಪಿಜಿಗಳಿಗೆ ಕೊಡಬೇಕೆಂಬುದು ಹಳೆಯ ನಿಯಮ. 2023ರಲ್ಲಿ ಆಯೋಗ ಖಾಸಗಿ ಕಾಲೇಜುಗಳ ಪಿಜಿಗಳ ನಡುವೆ ಸಮೀಕ್ಷೆ ನಡೆಸಿತು. ಪರಿಗಣಿಸಿದ 7,901 ಉತ್ತರಗಳಲ್ಲಿ 2,110 ಮಂದಿ ತಮಗೆ ಶಿಷ್ಯವೇತನವೇ ಬರುತ್ತಿಲ್ಲ ಎಂದರು. 4,288 ಮಂದಿಗೆ ಬರುತ್ತಿದ್ದುದು ಸರ್ಕಾರಿ ಕಾಲೇಜಿನ ಸಮಕ್ಕಿಲ್ಲ. 1,228 ಮಂದಿ ಹೇಳಿದ್ದು ಇದಕ್ಕಿಂತ ಕೆಟ್ಟದ್ದು: ಖಾತೆಗೆ ಹಾಕಿದ ಹಣವನ್ನು ಆಡಳಿತ ಮಂಡಳಿ ವಾಪಸ್ ಕಿತ್ತುಕೊಳ್ಳುತ್ತದೆ. ಕೂಲಿಯವನ ದಿನಗೂಲಿಯನ್ನು ಸಂಜೆ ಕೊಟ್ಟು ರಾತ್ರಿ ಕಸಿದುಕೊಂಡರೆ ಅದನ್ನು ಕಳ್ಳತನ ಎನ್ನುತ್ತೇವೆ. ಇದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯ ನಮಗೆ ಕಾಣುವುದಿಲ್ಲ. ಸಾಕ್ಷ್ಯ ಆಯೋಗದ ಕೈಯಲ್ಲೇ ಇದೆ. ಶಿಕ್ಷೆ ಎಲ್ಲಿದೆ?

ಸೀಟುಗಳನ್ನು ಹೆಚ್ಚಿಸುವುದರಲ್ಲಿ ಮಾತ್ರ ಯಾವ ಹಿಂಜರಿಕೆಯೂ ಕಾಣಲಿಲ್ಲ. 2014ಕ್ಕೆ ಮುಂಚೆ ದೇಶದಲ್ಲಿ ಸುಮಾರು 31 ಸಾವಿರ ಪಿಜಿ ಸೀಟುಗಳಿದ್ದವು, ಈಗ 70 ಸಾವಿರ ದಾಟಿವೆ. ತಜ್ಞರ ಕೊರತೆ ಇರುವ ದೇಶಕ್ಕೆ ಸೀಟು ಬೇಕು, ಒಪ್ಪುತ್ತೇವೆ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಖಾಲಿ ಸೀಟು ತುಂಬಲೆಂದು ನೀಟ್-ಪಿಜಿ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಶೂನ್ಯ ಪರ್ಸೆಂಟೈಲ್‌ಗೆ ಇಳಿಸಲಾಯಿತು. 2025ರಲ್ಲಿ ಕಾಲೇಜು ತಪಾಸಣೆಗೆ ಹೋದ ವೈದ್ಯರೇ ಲಂಚದ ಆರೋಪದಲ್ಲಿ ಸಿಬಿಐ ಬಂಧನಕ್ಕೆ ಒಳಗಾದರು. ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲಿ. ಆದರೆ ಸೀಟು ಮಂಜೂರಾತಿಯ ದಾರಿ ಶುದ್ಧವಾಗಿದೆ ಎಂದು ಎದೆ ತಟ್ಟಿ ಹೇಳುವ ಸ್ಥಿತಿಯಲ್ಲಿ ಇಂದು ಯಾರೂ ಇಲ್ಲ. ಕಲಿಸುವವರಿಲ್ಲದೆ ಹೆಚ್ಚಿದ ಸೀಟು ತಜ್ಞರ ಸಂಖ್ಯೆಯನ್ನಲ್ಲ, ರಾತ್ರಿ ಪಾಳಿಗೆ ಸಿಗುವ ಕೈಗಳನ್ನು ಹೆಚ್ಚಿಸುತ್ತದೆ.

ಜಿಲ್ಲಾ ರೆಸಿಡೆನ್ಸಿ ಮಾತ್ರ ಸರಿಯಾದ ಹೆಜ್ಜೆ. 2021ರ ಬ್ಯಾಚ್‌ನಿಂದ ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕಳೆಯಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ನೋಡಿ ರೋಗ ಹಿಡಿಯುವವರು ಯಾದಗಿರಿಯಲ್ಲಿ ಸ್ಟೆಥಸ್ಕೋಪ್ ನೆಚ್ಚಿ ಹಿಡಿಯುವುದನ್ನು ಕಲಿತರೆ ಅದು ನಿಜವಾದ ಶಿಕ್ಷಣ. ಅಲ್ಲೂ ಕಲಿಸುವ ತಜ್ಞರೊಬ್ಬರು ಪಕ್ಕದಲ್ಲಿರಬೇಕು. ಖಾಲಿ ಹುದ್ದೆಯ ಕುರ್ಚಿಗೆ ಪಿಜಿಯನ್ನು ಕೂರಿಸಿ ತರಬೇತಿ ಎಂದು ಬರೆದುಕೊಂಡರೆ ಈ ಒಳ್ಳೆಯ ಯೋಜನೆಯೂ ಹಳೆಯ ಚಟಕ್ಕೇ ಬಲಿಯಾಗುತ್ತದೆ. ಪಿಜಿ ಮುಗಿಸಿದವರಿಗೆ 2012ರ ಕಾಯ್ದೆಯಡಿ ಕಡ್ಡಾಯ ಸೇವೆ ವಿಧಿಸುವ ಹಕ್ಕು ರಾಜ್ಯಕ್ಕಿದೆ ಎಂಬುದೂ ನಮ್ಮ ನಿಲುವೇ. ಸಾರ್ವಜನಿಕ ಹಣದಲ್ಲಿ ಕಲಿತವರು ಸಾರ್ವಜನಿಕರಿಗೆ ಒಂದು ವರ್ಷ ಕೊಡಬೇಕು. ಆದರೆ ಸೇವೆಯನ್ನು ಕಾನೂನಿನ ಬಲದಿಂದ ಕೇಳುವ ಸರ್ಕಾರ ಕಲಿಯುವಾಗಿನ ನಿದ್ದೆಯನ್ನೂ ಅದೇ ಬಲದಿಂದ ಕೊಡಿಸಬೇಕು.

ಕೇಂದ್ರದ ಕಡೆ ಬೆರಳು ತೋರಿಸಿ ಕೂರುವ ಅವಕಾಶ ಕರ್ನಾಟಕಕ್ಕಿಲ್ಲ. ದೇಶದಲ್ಲೇ ಅತಿ ಹೆಚ್ಚು ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕಾಲೇಜುಗಳ ಸಂಯೋಜನೆಯನ್ನು ನವೀಕರಿಸುತ್ತದೆ, ತಪಾಸಣಾ ತಂಡ ಕಳಿಸುತ್ತದೆ, ಷರತ್ತು ಹಾಕುತ್ತದೆ. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ, ಲ್ಯಾಬ್‌ನಲ್ಲಿ ಎಷ್ಟು ಸೂಕ್ಷ್ಮದರ್ಶಕ ಎಂದು ಎಣಿಸುವ ತಂಡ ಡ್ಯೂಟಿ ರೋಸ್ಟರ್ ಎಣಿಸಲಾಗದೇ? ಡೀಮ್ಡ್ ವಿಶ್ವವಿದ್ಯಾಲಯಗಳು ಅದರ ಕೈಗೆ ಸಿಗುವುದಿಲ್ಲ, ನಿಜ. ಸರ್ಕಾರದ್ದೇ ಆದ ಕಾಲೇಜುಗಳು ಸಿಗುತ್ತವೆ. ವೈದ್ಯಕೀಯ ಶಿಕ್ಷಣ ಇಲಾಖೆ ತನ್ನ ಮನೆಯಿಂದಲೇ ಶುರು ಮಾಡಲಿ: ವಾರ್ಡ್ ಗುಮಾಸ್ತರು, ರಕ್ತ ತೆಗೆಯುವ ತಂತ್ರಜ್ಞರು, ರಾತ್ರಿಗೆ ಡ್ಯೂಟಿ ಡಾಕ್ಟರರು, ಪ್ರತಿ ಮಹಡಿಯಲ್ಲೂ ಒಳಗಿಂದ ಚಿಲಕ ಹಾಕಬಹುದಾದ ಡ್ಯೂಟಿ ಕೋಣೆ. ಇದಕ್ಕೆ ಹಣ ಬೇಕು. ಇಷ್ಟು ವರ್ಷ ಉಳಿಸಿದ ಹಣ ಯಾರ ನಿದ್ದೆಯದು ಎಂದು ಹಣಕಾಸು ಇಲಾಖೆ ಕೇಳಿಕೊಳ್ಳಲಿ.

ಆಯೋಗಕ್ಕೆ ನಮ್ಮ ಮಾತು ಇಷ್ಟು. ನಿಯಮಾವಳಿಯಿಂದ ‘ಸಮಂಜಸ’ ಪದವನ್ನು ತೆಗೆಯಿರಿ. ನಿಮ್ಮದೇ ಕಾರ್ಯಪಡೆಯ 74ನ್ನು ಈ ವರ್ಷ ಬರೆಯಿರಿ, ಒಂದೇ ಪಾಳಿ 24 ಗಂಟೆ ಮೀರದಂತೆ ಬರೆಯಿರಿ, ಮತ್ತು ಯಾವ ವರ್ಷದೊಳಗೆ 1992ರ 48ಕ್ಕೆ ಇಳಿಯುತ್ತೇವೆ ಎಂಬುದನ್ನೂ ಬರೆಯಿರಿ. ಅಧ್ಯಾಪಕರ ಹಾಜರಿಯನ್ನು ಮುಖ ಗುರುತಿಸುವ ಆ್ಯಪ್‌ನಲ್ಲಿ ದಾಖಲಿಸಲು ನಿಮಗೆ ಸಾಧ್ಯವಾಗಿದೆ. ಪಿಜಿಗಳು ವಾರ್ಡಿಗೆ ಬಂದ ಹೊತ್ತು, ಬಿಟ್ಟ ಹೊತ್ತು ದಾಖಲಿಸುವುದೂ ಸಾಧ್ಯ. ಆ ದಾಖಲೆ ವಿಭಾಗದ ಮುಖ್ಯಸ್ಥರ ಮೇಜಿನಲ್ಲಿ ಉಳಿಯದೆ ನೇರವಾಗಿ ನಿಮಗೆ ಬರಲಿ. ಮಿತಿ ಮೀರಿದ ವಿಭಾಗಕ್ಕೆ ಮೊದಲ ವರ್ಷ ಎಚ್ಚರಿಕೆ ಕೊಡಿ, ಎರಡನೆಯ ವರ್ಷ ಸೀಟು ಕಡಿತ ಮಾಡಿ. ಶಿಷ್ಯವೇತನ ಕಸಿದ ಕಾಲೇಜಿಗೆ ಎಚ್ಚರಿಕೆಯೂ ಬೇಡ, ಆ ವರ್ಷದ ಪ್ರವೇಶವನ್ನೇ ನಿಲ್ಲಿಸಿ, ಆಡಳಿತ ಮಂಡಳಿಯ ಮೇಲೆ ಪೊಲೀಸ್ ದೂರು ಕೊಡಿ. ದೂರಿದ ವಿದ್ಯಾರ್ಥಿಯ ಪರೀಕ್ಷೆಯನ್ನು ಬೇರೆ ಕಾಲೇಜಿನ ಪರೀಕ್ಷಕರಿಂದ ಮಾಡಿಸಿ.

ಮುಂದಿನ ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸುವ ಪ್ರತಿ ಅಭ್ಯರ್ಥಿಗೂ ಕಾಲೇಜಿನ ಶುಲ್ಕದ ಪಕ್ಕದ ಅಂಕಣದಲ್ಲಿ, ಆ ವಿಭಾಗದ ಪಿಜಿಗಳು ಹಿಂದಿನ ವರ್ಷ ವಾರಕ್ಕೆ ಸರಾಸರಿ ಎಷ್ಟು ಗಂಟೆ ದುಡಿದರು, ಎಷ್ಟು ಶಿಷ್ಯವೇತನ ಪಡೆದರು ಎಂಬುದು ಕಾಣಬೇಕು. ಆ ಎರಡು ಅಂಕಿಗಳಿಲ್ಲದೆ ಹೊರಡುವ ಯಾವ ಸೀಟು ಪಟ್ಟಿಯನ್ನೂ ಈ ಪತ್ರಿಕೆ ಒಪ್ಪುವುದಿಲ್ಲ.